ಕಿತ್ತಳೆ ಬಿಲ್ಲೆ ಕಪ್ಪಾಯಿತೇ, ಅಂಟಾಯಿತೇ, ಬೂಷ್ಟು ಹಿಡಿಯಿತೇ? ಮನೆಯಲ್ಲಿ ಒಣಗಿಸುವವರಿಗೆ ದೋಷ ನಿವಾರಣೆ ಕೈಪಿಡಿ

ಕಿತ್ತಳೆ, ಮೋಸಂಬಿ, ನಿಂಬೆಯನ್ನು ಬಿಲ್ಲೆಯಾಗಿ ಕತ್ತರಿಸಿ ಒಣಗಿಸುವುದು ಸುಲಭದ ಕೆಲಸದಂತೆ ಕಾಣುತ್ತದೆ. ಕತ್ತರಿಸಿ, ಓವನ್‌ನಲ್ಲಿಡಿ, ತೆಗೆಯಿರಿ, ಅಷ್ಟೇ ಅಲ್ವಾ? ಆದರೆ ಕ್ರಿಸ್‌ಮಸ್ ಮರಕ್ಕೆ ಕಟ್ಟೋಣ ಅಂತ ಮಾಡಿದ್ದು ಸುಟ್ಟ ಚಕ್ಕೆಯಾಗಿ ಹೊರಬರುತ್ತದೆ. ಚಹಾಕ್ಕೆ ಹಾಕೋಣ ಅಂತ ಡಬ್ಬಿಯಲ್ಲಿ ತುಂಬಿಟ್ಟದ್ದು ಕೆಲವೇ ದಿನಕ್ಕೆ ಹಸಿರು ಬೂಷ್ಟು ಹೊದ್ದು ಕೂರುತ್ತದೆ.

ಈ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಮೂಲ ಒಂದೇ ನಂಬಿಕೆ: ಬಿಸಿ ಜಾಸ್ತಿ ಮಾಡಿದರೆ ಬೇಗ ಒಣಗುತ್ತದೆ ಅನ್ನುವುದು. ಬಿಸಿ ಹಣ್ಣಿನ ನೀರನ್ನು ಆವಿ ಮಾಡುತ್ತದೆ, ನಿಜ. ಆ ಆವಿಯನ್ನು ಹೊತ್ತುಕೊಂಡು ಹೋಗಬೇಕಾದದ್ದು ಗಾಳಿ. ಗಾಳಿ ಓಡಾಡದ ಪೆಟ್ಟಿಗೆಯಲ್ಲಿ ಬಿಸಿ ಏರಿಸುತ್ತಾ ಹೋದರೆ ಹಣ್ಣು ತನ್ನದೇ ಹಬೆಯಲ್ಲಿ ಬೇಯುತ್ತದೆ, ಆಮೇಲೆ ಸುಡುತ್ತದೆ. ಕೆಳಗೆ ಬರುವ ಒಂದೊಂದು ದೋಷವನ್ನು ಹುಡುಕುವಾಗಲೂ ಈ ಮಾತು ನೆನಪಿರಲಿ.

ಮೊದಲು ತೂಕ ನೋಡಿ

ದೋಷ ಯಾವುದೇ ಇರಲಿ, ಬಿಲ್ಲೆ ನಿಜವಾಗಿ ಒಣಗಿದೆಯಾ ಅನ್ನುವುದನ್ನು ಮೊದಲು ತಿಳಿದುಕೊಳ್ಳಬೇಕು. ಬೆರಳಿನಿಂದ ಮುಟ್ಟಿ ನೋಡಿದರೆ ಮೋಸ ಹೋಗುತ್ತೀರಿ. ಓವನ್‌ನಿಂದ ಆಗಷ್ಟೇ ತೆಗೆದ ಬಿಲ್ಲೆ ಪೂರ್ತಿ ಒಣಗಿದ್ದರೂ ಮೆತ್ತಗಿರುತ್ತದೆ. ಬಿಸಿಯಲ್ಲಿ ಸಕ್ಕರೆ ಮೆದುವಾಗಿರುವುದೇ ಅದಕ್ಕೆ ಕಾರಣ. ತಣ್ಣಗಾದ ಮೇಲೆ ಗಟ್ಟಿಯಾಗುತ್ತದೆ. ಎಷ್ಟೋ ಜನ "ಇನ್ನೂ ಮೆತ್ತಗಿದೆ" ಅಂತ ಮತ್ತೆ ಒಳಗಿಟ್ಟು, ಚೆನ್ನಾಗಿದ್ದ ಬಿಲ್ಲೆಯನ್ನು ಸುಟ್ಟುಕೊಳ್ಳುತ್ತಾರೆ.

ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಕೆಲಸ ಸಲೀಸು. ಕಿತ್ತಳೆಯ ತೊಳೆಯಲ್ಲಿ ನೂರಕ್ಕೆ ಸುಮಾರು 87 ಭಾಗ ನೀರು. ಸಿಪ್ಪೆಯಲ್ಲಿ ಸುಮಾರು 72 ಭಾಗ. ಈ ಲೆಕ್ಕದಲ್ಲಿ ಸಿಪ್ಪೆ ಸಮೇತ 100 ಗ್ರಾಂ ಹಸಿ ಬಿಲ್ಲೆ ಒಣಗಿದ ಮೇಲೆ 20 ಗ್ರಾಂ ಆಸುಪಾಸು ಅಥವಾ ಸ್ವಲ್ಪ ಕಡಿಮೆ ಉಳಿಯಬೇಕು. 25 ಗ್ರಾಂ ಇದ್ದರೆ ನೀರು ಇನ್ನೂ ಇದೆ. 30 ಇದ್ದರೆ ಅದು ಡಬ್ಬಿಗೆ ಹಾಕುವ ವಸ್ತುವೇ ಅಲ್ಲ. ಹಸಿ ತೂಕ ಬರೆದಿಟ್ಟುಕೊಳ್ಳಲು ಮರೆತಿದ್ದರೂ ದಾರಿ ಇದೆ. ಈಗ ತೂಕ ನೋಡಿ, ಇನ್ನೊಂದು ಗಂಟೆ ಒಣಗಿಸಿ ಮತ್ತೆ ನೋಡಿ. ಬದಲಾಗದಿದ್ದರೆ ಮುಗಿಯಿತು.

ತಕ್ಕಡಿ ಇಲ್ಲದಿದ್ದರೆ ಒಂದು ಬಿಲ್ಲೆಯನ್ನು ಹೊರಗೆ ತೆಗೆದು, ಪೂರ್ತಿ ಆರಲು ಬಿಟ್ಟು, ಆಮೇಲೆ ಬಗ್ಗಿಸಿ. ಪಟ್ಟನೆ ಮುರಿದರೆ ಸರಿ. ಚರ್ಮದ ಹಾಗೆ ಬಾಗಿದರೆ ಇನ್ನೂ ಹೊತ್ತಿದೆ. ತೊಳೆಗಳು ಸೇರುವ ನಡುಭಾಗ ಮತ್ತು ಬೀಜದ ಸುತ್ತ ಕೊನೆಗೆ ಒಣಗುತ್ತವೆ. ಅಲ್ಲೇ ಉಗುರಿನಿಂದ ಒತ್ತಿ ನೋಡಿ. ಬೀಜವನ್ನು ಕತ್ತರಿಸಿದಾಗಲೇ ತೆಗೆದುಬಿಡುವುದು ಒಳ್ಳೆಯದು.

ಕಂದು ಬಣ್ಣ: ಎಲ್ಲಿ ಬಂದಿದೆ, ಯಾವಾಗ ಬಂದಿದೆ?

ಟ್ರೇಯನ್ನು ಒಟ್ಟಾಗಿ ನೋಡಿ. ಹಿಂದಿನ ಸಾಲು ಮಾತ್ರ ಕಪ್ಪಾಗಿ ಬಾಗಿಲ ಕಡೆಯದು ಹಳದಿಯೇ ಉಳಿದಿದ್ದರೆ, ಬಿಸಿ ಸಮನಾಗಿ ಹರಡಿಲ್ಲ. ನಮ್ಮ ಮನೆಗಳ ಸಣ್ಣ ಓಟಿಜಿಗಳಲ್ಲಿ (ಓವನ್-ಟೋಸ್ಟರ್-ಗ್ರಿಲ್) ಇದು ತೀರಾ ಸಾಮಾನ್ಯ, ಯಾಕೆಂದರೆ ಕಾಯುವ ರಾಡ್ ಹಣ್ಣಿಗೆ ತುಂಬಾ ಹತ್ತಿರ. ಮೇಲಿನ ರಾಡ್ ಬಂದ್ ಮಾಡಿ, ಜಾಲರಿಯನ್ನು ನಡುಮಟ್ಟದಲ್ಲಿಡಿ. ಫ್ಯಾನ್ ಇದ್ದರೆ ಹಾಕಿ. ಗಂಟೆಗೊಮ್ಮೆ ಟ್ರೇ ತಿರುಗಿಸಿ.

ಎಲ್ಲವೂ ಒಂದೇ ಸಮ ಕಂದಾಗಿದ್ದರೆ ಉಷ್ಣತೆ ಜಾಸ್ತಿಯಾಗಿದೆ. "ನಾನು 100ಕ್ಕೇ ಇಟ್ಟಿದ್ದೆ" ಅನ್ನುವವರು ಮುಳ್ಳನ್ನು ನಂಬಬೇಡಿ. ಥರ್ಮೋಸ್ಟಾಟ್ ರಾಡನ್ನು ಹಚ್ಚಿ ಆರಿಸಿ ಮಾಡುತ್ತಾ ಇರುತ್ತದೆ. ಮುಳ್ಳು 100ರಲ್ಲಿದ್ದಾಗಲೇ ಒಳಗೆ 120 ಮುಟ್ಟಿರಬಹುದು. ಓವನ್ ಒಳಗೆ ಇಡುವ ಸಣ್ಣ ಥರ್ಮಾಮೀಟರ್ ಸಿಗುತ್ತದೆ. ಈ ಕೆಲಸಕ್ಕೆ ಏನಾದರೂ ಒಂದನ್ನು ಕೊಳ್ಳುವುದಿದ್ದರೆ ಅದನ್ನೇ ಕೊಳ್ಳಿ ಅನ್ನುತ್ತೇನೆ. ಹಣ್ಣಿನಲ್ಲಿರುವ ಫ್ರಕ್ಟೋಸ್ ಸಕ್ಕರೆ 110 ಡಿಗ್ರಿ ಸೆಲ್ಸಿಯಸ್ ಹತ್ತಿರವೇ ಕ್ಯಾರಮೆಲ್ ಆಗತೊಡಗುತ್ತದೆ. ವಿಟಮಿನ್ ಸಿ ಅದಕ್ಕೂ ಕಡಿಮೆ ಬಿಸಿಯಲ್ಲಿ ಕೆಟ್ಟು ಕಂದಾಗುತ್ತದೆ. ಓವನ್ ಆದರೆ 80ರಿಂದ 90 ಡಿಗ್ರಿ, ಬಾಗಿಲ ಸಂದಿಗೆ ಮರದ ಸೌಟು ಸಿಕ್ಕಿಸಿ ಒಂದು ಬೆರಳಷ್ಟು ತೆರೆದಿಡಿ, 4ರಿಂದ 6 ಗಂಟೆ. ಡಿಹೈಡ್ರೇಟರ್ (ಹಣ್ಣು ಒಣಗಿಸುವ ಯಂತ್ರ) ಆದರೆ 55ರಿಂದ 60 ಡಿಗ್ರಿ, 8ರಿಂದ 12 ಗಂಟೆ. ಎರಡರಲ್ಲೂ ಬಿಲ್ಲೆಯ ದಪ್ಪ 5ರಿಂದ 6 ಮಿಲಿಮೀಟರ್. ನಿಮ್ಮ ಓಟಿಜಿ 100ರಿಂದ ಕೆಳಗೆ ಇಳಿಯುವುದೇ ಇಲ್ಲವೆಂದರೆ ಬಾಗಿಲನ್ನು ಇನ್ನಷ್ಟು ತೆರೆದಿಡುವುದೊಂದೇ ಉಪಾಯ.

ಮೊದಲ ಮೂರು ಗಂಟೆ ಬಣ್ಣ ಚೆನ್ನಾಗಿದ್ದು ಕೊನೆಯ ಅರ್ಧ ಗಂಟೆಯಲ್ಲಿ ದಿಢೀರನೆ ಕಪ್ಪಾಗುವುದೂ ಉಂಟು. ಅನೇಕರು ಇದನ್ನು ಓವನ್‌ನ ತಪ್ಪು ಅಂದುಕೊಳ್ಳುತ್ತಾರೆ. ಓವನ್ ಪಾಡಿಗೆ ಅದು ಇದೆ. ಹಣ್ಣಿನಲ್ಲಿ ನೀರು ಇರುವ ತನಕ ಅದು ಆವಿಯಾಗುತ್ತಾ ಬಿಲ್ಲೆಯನ್ನು ತಂಪಾಗಿಡುತ್ತದೆ. ಸುತ್ತ 90 ಡಿಗ್ರಿ ಇದ್ದರೂ ಬಿಲ್ಲೆ ಅಷ್ಟು ಕಾಯುವುದಿಲ್ಲ. ನೀರು ಮುಗಿಯುತ್ತಾ ಬಂದಂತೆ ಆ ರಕ್ಷಣೆಯೂ ಹೋಗುತ್ತದೆ. ಮೊದಲು ಏನೂ ಮಾಡದ ಅದೇ ಬಿಸಿ ಈಗ ಸುಡುತ್ತದೆ. ಬಿಲ್ಲೆಯ ಅಂಚು ಗಟ್ಟಿಯಾಗಿ ನಡುವೆ ಮಾತ್ರ ಪಸೆ ಉಳಿದ ಹೊತ್ತಿಗೆ ಉಷ್ಣತೆಯನ್ನು 60-70ಕ್ಕೆ ಇಳಿಸಿ. ಇಳಿಸಲು ಆಗದಿದ್ದರೆ ಓವನ್ ಆರಿಸಿ, ಉಳಿದ ಬಿಸಿಯಲ್ಲೇ ಬಿಡಿ. ತೆಳ್ಳಗಿರುವ ಬಿಲ್ಲೆಗಳು ಮೊದಲೇ ಆಗಿಬಿಡುತ್ತವೆ, ಅವನ್ನು ಆಗಾಗ ಆರಿಸಿ ತೆಗೆಯಿರಿ.

ಇನ್ನು ನಿಂಬೆ. ಹಸಿರು ಸಿಪ್ಪೆಯ ನಿಂಬೆ ಒಣಗಿದಾಗ ಪಾಚಿ ಬಣ್ಣಕ್ಕೆ, ಖಾಕಿಗೆ ತಿರುಗುತ್ತದೆ. ಹುಳಿ ಮತ್ತು ಬಿಸಿ ಸೇರಿದರೆ ಪತ್ರಹರಿತ್ತಿನೊಳಗಿನ ಮೆಗ್ನೀಸಿಯಂ ಕಳಚಿಕೊಳ್ಳುತ್ತದೆ, ಹಸಿರು ಮಾಸುತ್ತದೆ. ಬಿಸಿ ತಗ್ಗಿಸಿದರೆ ಸ್ವಲ್ಪ ಉಳಿಯಬಹುದು, ಪೂರ್ತಿ ಉಳಿಯುವುದಿಲ್ಲ. ಅಲಂಕಾರಕ್ಕೆ ಬಣ್ಣ ಬೇಕೆಂದರೆ ಹಳದಿಗೆ ತಿರುಗಿದ ನಿಂಬೆಯನ್ನೇ ಆರಿಸಿಕೊಳ್ಳಿ. ಇಂಡಿ ಕಡೆಯ ನಿಂಬೆ ರುಚಿಗೆ ಬಹಳ ಚೆಂದ, ಆದರೆ ಬಿಲ್ಲೆ ಚಿಕ್ಕದು. ಲೋಟದಂಚಿಗೆ ಸಿಕ್ಕಿಸುವಷ್ಟು ದೊಡ್ಡದು ಬೇಕಾದರೆ ಗಜನಿಂಬೆ ವಾಸಿ.

ತೆಗೆದಾಗ ಚೆನ್ನಾಗಿದ್ದು ಡಬ್ಬಿಯಲ್ಲಿ ಕುಳಿತು ನಿಧಾನವಾಗಿ ಕಂದಾಗುತ್ತಿದ್ದರೆ ಬೆಳಕು, ಬಿಸಿ, ತೇವ ಈ ಮೂರರಲ್ಲಿ ಒಂದು ತಗಲುತ್ತಿದೆ. ಒಲೆಯ ಮೇಲಿನ ಕಪಾಟು ಇದಕ್ಕೆ ಅತಿ ಕೆಟ್ಟ ಜಾಗ.

ಅಂಟಂಟು

ಅಂಟು ಮೂರು ತರಹ. ತೂಕ ನೋಡಿಯೇ ಬೇರ್ಪಡಿಸಬೇಕು.

ತಣ್ಣಗಾದ ಮೇಲೂ ಅಂಟು, ತೂಕವೂ ಜಾಸ್ತಿ: ಒಣಗಿಲ್ಲ. ಮತ್ತೆ ಒಳಗಿಡಿ, ಅಷ್ಟೇ.

ತೆಗೆದ ದಿನ ಗರಿಗರಿ, ಮಾರನೆಯ ದಿನ ಅಂಟು: ಹೊರಗಿನ ತೇವ ಎಳೆದುಕೊಂಡಿದೆ. ಹಣ್ಣಿನ ಸಕ್ಕರೆಗೆ, ಅದರಲ್ಲೂ ಫ್ರಕ್ಟೋಸ್‌ಗೆ, ಗಾಳಿಯಿಂದ ನೀರು ಹೀರುವ ಚಟ. ಮಳೆಗಾಲದಲ್ಲಿ ಹೊರಗೆ ಬಿಟ್ಟ ಹಪ್ಪಳ ಮೆತ್ತಗಾಗುವಂತೆ ಇದೂ ಆಗುತ್ತದೆ. ಮಂಗಳೂರಿನಲ್ಲೋ ಉಡುಪಿಯಲ್ಲೋ ಜೂನ್-ಜುಲೈನಲ್ಲಿ ಬಿಲ್ಲೆಯನ್ನು "ರಾತ್ರಿಯಿಡೀ ಆರಲಿ" ಅಂತ ಮೇಜಿನ ಮೇಲೆ ಬಿಟ್ಟರೆ ಹಗಲಿನ ಕೆಲಸವೆಲ್ಲ ನೀರುಪಾಲು. ತಣ್ಣಗಾದ ಕೂಡಲೇ ಡಬ್ಬಿಗೆ ಹಾಕಬೇಕು. ಹಾಗಂತ ಬಿಸಿ ಇರುವಾಗಲೇ ಮುಚ್ಚಬೇಡಿ, ಒಳಗೆ ಬೆವರುತ್ತದೆ. ಮೆತ್ತಗಾದದ್ದನ್ನು 60-70 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೆ ಮತ್ತೆ ಗರಿಯಾಗುತ್ತದೆ. ಹೊಳಪು ಬರಲಿ ಅಂತ ಒಣಗಿಸುವ ಮೊದಲು ಸಕ್ಕರೆ ಉದುರಿಸುವ ಉಪಾಯ ಅಲ್ಲಲ್ಲಿ ಹೇಳುತ್ತಾರೆ. ಒಣ ಹವೆಯ ಊರಲ್ಲಿ ನಡೆದೀತು. ನಮ್ಮ ಕರಾವಳಿ, ಮಲೆನಾಡಿಗೆ ಅದು ಬೇಡವೇ ಬೇಡ. ಇರುವೆಗಳಿಗೆ ಕರೆದು ಊಟ ಹಾಕಿದ ಹಾಗಾಗುತ್ತದೆ.

ಹೊರಗೆ ಗಟ್ಟಿ, ಮುರಿದರೆ ಒಳಗೆ ಜಿಗುಟು: ಶುರುವಿನಲ್ಲೇ ಬಿಸಿ ಜಾಸ್ತಿ ಕೊಟ್ಟಿದ್ದೀರಿ. ಮೇಲ್ಮೈ ಬೇಗ ಬಿಗಿದುಕೊಂಡು ಪದರವಾಗಿ, ಒಳಗಿನ ನೀರಿಗೆ ಹೊರಬರಲು ದಾರಿ ಇಲ್ಲದಾಗುತ್ತದೆ. ಇದೇ ಎಲ್ಲಕ್ಕಿಂತ ಅಪಾಯದ್ದು, ಯಾಕೆಂದರೆ ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ, ಡಬ್ಬಿಗೆ ಹೋಗುತ್ತದೆ, ಅಲ್ಲಿ ಬೂಷ್ಟು ಬರುತ್ತದೆ. ಇಂಥದ್ದನ್ನು ಸರಿಪಡಿಸಲು ಮತ್ತೆ ಬಿಸಿ ಏರಿಸಬಾರದು. ಮುಚ್ಚಿದ ಡಬ್ಬಿಯಲ್ಲಿ ಒಂದು ರಾತ್ರಿ ಬಿಡಿ. ಒಳಗಿನ ಪಸೆ ಹೊರಗಿನ ಪದರಕ್ಕೆ ಹರಡಿ ಅದನ್ನು ಮೆದು ಮಾಡುತ್ತದೆ. ಬೆಳಿಗ್ಗೆ 50-55 ಡಿಗ್ರಿಯಲ್ಲಿ, ಗಾಳಿ ಚೆನ್ನಾಗಿ ಆಡುವಂತೆ ಇಟ್ಟು ಮುಗಿಸಿ.

ಬಿಳಿ ಚುಕ್ಕೆ ಕಂಡರೆ ಗಾಬರಿ ಬೇಡ, ಆದರೆ ನೋಡಿ

ಬಿಳಿಯಾದದ್ದೆಲ್ಲ ಬೂಷ್ಟಲ್ಲ. ಸಿಪ್ಪೆಯ ಮೇಲೆ ಮಾತ್ರ ಬಿಳಿ ಮಬ್ಬು ಇದ್ದರೆ ಅದು ಮೇಣ ಇರಬಹುದು. ಹೊರದೇಶದ ಕಿತ್ತಳೆಗೆ ಅರಗು ಅಥವಾ ಕಾರ್ನಾಬಾ ಮೇಣದ ಲೇಪ ಹಾಕಿರುತ್ತಾರೆ. ಫ್ರಿಜ್‌ನಿಂದ ತೆಗೆದಾಗ ಹಣ್ಣು ಬೆವರಿದರೆ ಅರಗಿನ ಲೇಪ ಬೆಳ್ಳಗಾಗುತ್ತದೆ. ಪಾನೀಯಕ್ಕೆ ಬಳಸುವ ಹಣ್ಣನ್ನು ಬೆಚ್ಚಗಿನ ನೀರಿನಲ್ಲಿ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಲೇಪವಿಲ್ಲದ ನಾಟಿ ಹಣ್ಣು ಸಿಕ್ಕರೆ ಅದೇ ಲೇಸು. ತೊಳೆಯ ಮೇಲೆ ಹರಳು ಹರಳಾಗಿ ಮಿನುಗುವ ಚುಕ್ಕೆ ಸಕ್ಕರೆ. ಒದ್ದೆ ಬೆರಳಿಟ್ಟರೆ ಕರಗುತ್ತದೆ.

ನೂಲಿನ ಹಾಗೆ, ಹತ್ತಿಯ ಹಾಗೆ ಎದ್ದು ನಿಂತಿದ್ದರೆ, ನಡುವೆ ಹಸಿರೋ ನೀಲಿಯೋ ಇದ್ದರೆ, ಮುಗ್ಗಲು ವಾಸನೆ ಬಂದರೆ ಅದು ಬೂಷ್ಟು. ಇಡೀ ಡಬ್ಬಿಯನ್ನೇ ಎಸೆಯಿರಿ. ಹಿಡಿದದ್ದನ್ನು ಮಾತ್ರ ಆರಿಸಿ ಉಳಿದದ್ದನ್ನು ಚಹಾಕ್ಕೆ ಹಾಕುವುದು ಬೇಡ. ಕಣ್ಣಿಗೆ ಕಾಣುವ ಮೊದಲೇ ಅದು ಪಕ್ಕದ ಬಿಲ್ಲೆಗೆ ಹರಡಿರುತ್ತದೆ.

ಇದು ಬರದ ಹಾಗೆ ನೋಡಿಕೊಳ್ಳುವುದು ಕಷ್ಟವಲ್ಲ. ಒಣಗಿದ ಬಿಲ್ಲೆಗಳನ್ನು ಗಾಜಿನ ಜಾಡಿಯಲ್ಲಿ ಮುಕ್ಕಾಲಕ್ಕಿಂತ ಸ್ವಲ್ಪ ಕಡಿಮೆ ತುಂಬಿ ಮುಚ್ಚಿಡಿ. ಒಂದು ವಾರ ದಿನಾ ಒಮ್ಮೆ ಅಲುಗಾಡಿಸಿ. ಗಾಜಿನ ಒಳಮೈಯಲ್ಲಿ ಮಂಜು ಕಂಡರೆ ಎಲ್ಲವನ್ನೂ ಮತ್ತೆ ಒಣಗಿಸಿ. ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡರೂ ಅದೇ ಮಾತು. ಸ್ಟೀಲ್ ಡಬ್ಬಿಯಲ್ಲಿ ಈ ಮಂಜು ಕಾಣಿಸುವುದಿಲ್ಲ. ಮೊದಲ ವಾರಕ್ಕೆ ಗಾಜೇ ಬೇಕು. ಆಮೇಲೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕುವುದಾದರೆ ಆಹಾರಕ್ಕೆ ಅಂತಲೇ ಮಾರುವುದನ್ನು ತನ್ನಿ. ಚಪ್ಪಲಿ ಡಬ್ಬಿಯಲ್ಲಿ ಸಿಕ್ಕಿದ್ದು ಅಲ್ಲೇ ಇರಲಿ.

ಚಹಾ ಕಹಿಯಾಗುತ್ತಿದೆ

ನೋಡಲು ಮುದ್ದಾಗಿರುತ್ತದೆ, ಬಿಸಿನೀರಿಗೆ ಹಾಕಿದರೆ ಕಷಾಯದ ರುಚಿ. ಇದರ ಕಾರಣ ಹುಡುಕಬೇಕಾದದ್ದು ಒಣಗಿಸುವ ಮೊದಲು, ಹಣ್ಣಿನಲ್ಲೇ.

ಕೆಲವು ಹಣ್ಣುಗಳಲ್ಲಿ ಕಹಿ ತಡವಾಗಿ ಹುಟ್ಟುತ್ತದೆ. ತೊಳೆ ಹಾಗೇ ತಿಂದರೆ ಸಿಹಿ. ಕತ್ತರಿಸಿ ಅಥವಾ ಹಿಂಡಿ ಇಟ್ಟರೆ ಗಂಟೆಗಳಲ್ಲಿ ಕಹಿ. ಹಣ್ಣಿನ ಜೀವಕೋಶ ಒಡೆದಾಗ ರುಚಿಯಿಲ್ಲದ ಒಂದು ವಸ್ತು ರಸದ ಹುಳಿಯ ಜೊತೆ ಸೇರಿ ಲಿಮೋನಿನ್ ಆಗುತ್ತದೆ. ಆ ಲಿಮೋನಿನ್ ಕಹಿ. ಬಿಸಿ ತಾಗಿದರೆ ಇದು ಇನ್ನೂ ಬೇಗ. ಪಂಜಾಬಿನ ಕಿನ್ನೋ ಕಿತ್ತಳೆ ಇದಕ್ಕೆ ಹೆಸರುವಾಸಿ. ನೇವಲ್ ಕಿತ್ತಳೆಯೂ ಅಷ್ಟೇ. ಹಿಂಡಿಟ್ಟ ಮೋಸಂಬಿ ರಸ ಕಹಿಯಾಗುವುದನ್ನು ಎಲ್ಲರೂ ಕಂಡಿರುತ್ತೀರಿ.

ಹಾಗಾಗಿ ಕೆಜಿಗಟ್ಟಲೆ ಕತ್ತರಿಸುವ ಮೊದಲು ಒಂದೇ ಹಣ್ಣಿನ ರಸ ಹಿಂಡಿ, ಸ್ವಲ್ಪ ಬಿಸಿ ಮಾಡಿ, ಎರಡು ಗಂಟೆ ಬಿಟ್ಟು ಕುಡಿದು ನೋಡಿ. ಕಹಿ ಬಂದರೆ ಆ ಹಣ್ಣು ಅಲಂಕಾರಕ್ಕೆ ಹೋಗಲಿ. ಪಾನೀಯಕ್ಕೆ ಬೇರೆ ತನ್ನಿ.

ರಸ ಕಹಿಯಾಗಲಿಲ್ಲ, ಒಣ ಬಿಲ್ಲೆ ಮಾತ್ರ ಕಹಿ ಅಂತಾದರೆ ಸಿಪ್ಪೆಯ ಒಳಗಿನ ಬಿಳಿ ಭಾಗ ದಪ್ಪ ಇದೆ. ತೆಳು ಸಿಪ್ಪೆಯ ಹಣ್ಣು ಆರಿಸಿ, ತೊಟ್ಟಿನ ಮತ್ತು ತುದಿಯ ಬಿಲ್ಲೆಗಳನ್ನು ಪಕ್ಕಕ್ಕಿಡಿ. ಅಲ್ಲಿ ಬರೀ ಬಿಳಿಯೇ. ಬೀಜದಲ್ಲೂ ಲಿಮೋನಿನ್ ಧಾರಾಳವಾಗಿದೆ, ತೆಗೆಯಿರಿ ಅಂತ ಮೇಲೆ ಹೇಳಿದ್ದಕ್ಕೆ ಇದೂ ಕಾರಣ. ದೇವನಹಳ್ಳಿ ಚಕ್ಕೋತವನ್ನು ಬಿಲ್ಲೆ ಮಾಡಿ ಒಣಗಿಸುವ ಆಸೆ ಕೆಲವರಿಗೆ ಬರುತ್ತದೆ. ಸುಮ್ನೆ ತಿನ್ನಿ. ಅದರ ಬೆಂಡಿನಂಥ ಒಳಸಿಪ್ಪೆ ಒಣಗಿದರೆ ತೊಗಲು, ಕುದಿಸಿದರೆ ನಾರಿಂಜಿನ್ ಎಂಬ ಇನ್ನೊಂದು ಕಹಿ.

ಹಣ್ಣು ಸರಿಯಿದ್ದೂ ಕಹಿಯಾಗುತ್ತಿದ್ದರೆ ನೀವು ಬಿಲ್ಲೆಯನ್ನು ಲೋಟದಲ್ಲೇ ಬಿಡುತ್ತಿದ್ದೀರಿ. ಮೂರು ನಾಲ್ಕು ನಿಮಿಷಕ್ಕೆ ತೆಗೆಯಿರಿ. ಇನ್ನು "ಕಹಿಯೂ ಇಲ್ಲ, ಘಮವೂ ಇಲ್ಲ" ಅನ್ನುವವರಿಗೆ: ಘಮ ಇರುವುದು ಸಿಪ್ಪೆಯ ಎಣ್ಣೆಯಲ್ಲಿ, ಜಾಸ್ತಿ ಬಿಸಿಯಲ್ಲಿ ಅದು ಆವಿಯ ಜೊತೆ ಹಾರಿಹೋಗುತ್ತದೆ. ಒಣಗಿಸುವಾಗ ಮನೆಯೆಲ್ಲ ಗಮಗಮ ಅಂದರೆ ಆ ಪರಿಮಳ ಹಣ್ಣಿನಿಂದಲೇ ಹೊರಟದ್ದು. 55 ಡಿಗ್ರಿಯಲ್ಲಿ ಒಣಗಿಸಿದ್ದು ಓವನ್‌ದಕ್ಕಿಂತ ಘಮ ಹೆಚ್ಚು ಉಳಿಸಿಕೊಳ್ಳುತ್ತದೆ.

ಆಕಾರ ಕೆಟ್ಟರೆ

ತೊಳೆ ಕಳಚಿ ಬಿದ್ದು ಸಿಪ್ಪೆಯ ಬಳೆ ಮಾತ್ರ ಉಳಿದರೆ ಹಣ್ಣಿನ ಜಾತಿ ತಪ್ಪು. ಕೊಡಗಿನ ಕಿತ್ತಳೆ, ನಾಗಪುರದ ಕಿತ್ತಳೆ ಎರಡೂ ಸಡಿಲ ಸಿಪ್ಪೆಯವು. ಸುಲಿಯಲು ಸುಖ, ಬಿಲ್ಲೆಗೆ ಕಷ್ಟ. ಸಿಪ್ಪೆ ತೊಳೆಗೆ ಬಿಗಿಯಾಗಿ ಅಂಟಿರುವ ಮಾಲ್ಟಾ, ಮೋಸಂಬಿ, ವೆಲೆನ್ಸಿಯಾ ತನ್ನಿ. ಕೊಡಗಿನದೇ ಬೇಕೆಂದರೆ ಹಣ್ಣನ್ನು ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟು ಗರಗಸದ ಹಲ್ಲಿನ ಚಾಕುವಿನಿಂದ ಕತ್ತರಿಸಿ. ಮಾಗಿ ಮೆತ್ತಗಾದ ಹಣ್ಣು ಬೇಡ. ಕಿತ್ತಳೆಯ ಒಣ ಸಿಪ್ಪೆ ಉಳಿದರೆ ಗೊಜ್ಜಿಗಂತೂ ಇದ್ದೇ ಇದೆ.

ಬಿಲ್ಲೆ ದೋಣಿಯ ಹಾಗೆ ಮಡಚಿಕೊಂಡರೆ ಒಂದು ಬದಿ ದಪ್ಪ, ಒಂದು ಬದಿ ತೆಳು ಕತ್ತರಿಸಿದ್ದೀರಿ, ಅಥವಾ ತಿರುಗಿಸಿ ಹಾಕಿಲ್ಲ. ಅರ್ಧ ಒಣಗಿದ ಮೇಲೆ ಇನ್ನೊಂದು ಜಾಲರಿ ಮೇಲಿಟ್ಟು ಒತ್ತಿದರೆ ಚಪ್ಪಟೆಯಾಗಿ ಬರುತ್ತದೆ. ಏರ್ ಫ್ರೈಯರ್‌ನಲ್ಲಿ ಈ ಜಾಲರಿ ಬೇಕೇ ಬೇಕು. ಇಲ್ಲವಾದರೆ ಒಣಗಿ ಹಗುರವಾದ ಬಿಲ್ಲೆ ಫ್ಯಾನ್ ಗಾಳಿಗೆ ಹಾರಿ ಕಾಯಿಲ್‌ಗೆ ತಾಗುತ್ತದೆ.

ಟ್ರೇಗೆ ಅಂಟಿಕೊಂಡು ಹರಿದರೆ ಕಾರಣ ಮತ್ತೆ ಗಾಳಿ. ಗಟ್ಟಿ ಟ್ರೇ ಮೇಲೆ ಬಿಲ್ಲೆಯ ಅಡಿಗೆ ಗಾಳಿ ಸಿಗುವುದಿಲ್ಲ, ಸೋರಿದ ರಸ ಅಲ್ಲೇ ಪಾಕವಾಗಿ ಹಿಡಿದುಕೊಳ್ಳುತ್ತದೆ. ಕತ್ತರಿಸಿದ ಕೂಡಲೇ ಎರಡೂ ಬದಿ ಬಟ್ಟೆಯಿಂದ ಒತ್ತಿ ರಸ ತೆಗೆದು, ಸ್ಟೀಲ್ ಜಾಲರಿ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ. ಅಲ್ಯುಮಿನಿಯಂ ಫಾಯಿಲ್ ಹಾಸಬೇಡಿ. ಹುಳಿಗೆ ಅದು ತೂತು ಬಿದ್ದು ಬಿಲ್ಲೆಗೆ ಬೂದು ಕಲೆ ಹತ್ತುತ್ತದೆ. ಕಬ್ಬಿಣದ ಚಾಕುವೂ ಕಲೆ ಮಾಡುತ್ತದೆ. ಕಿಟಕಿಗೋ ಕೋಳಿ ಗೂಡಿಗೋ ತಂದ ಗ್ಯಾಲ್ವನೈಸ್ಡ್ ಜಾಲರಿಯನ್ನಂತೂ ಮುಟ್ಟಲೇಬೇಡಿ. ಅದರ ಸತುವನ್ನು ನಿಂಬೆಹುಳಿ ಕರಗಿಸಿ ಹಣ್ಣಿಗೆ ಸೇರಿಸುತ್ತದೆ.

ಬಿಸಿಲಲ್ಲಿ ಇಟ್ಟದ್ದು ಯಾಕೆ ಕೆಟ್ಟಿತು?

ಬಿಸಿಲಿನಲ್ಲಿ ಹಣ್ಣು ಒಣಗಿಸಲು ಹಗಲು 30 ಡಿಗ್ರಿಗಿಂತ ಜಾಸ್ತಿ ಕಾವು, ಗಾಳಿಯ ತೇವ ನೂರಕ್ಕೆ 60ಕ್ಕಿಂತ ಕಡಿಮೆ, ಎರಡೂ ಒಟ್ಟಿಗೆ ಬೇಕು. ವಿಜಯಪುರ, ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಇದು ಸಲೀಸು. ಕರಾವಳಿಯಲ್ಲಿ ಬಿಸಿಲು ಚುರುಕಾಗಿದ್ದರೂ ಗಾಳಿ ಒದ್ದೆ, ಬಿಲ್ಲೆ ಒಣಗುವ ಮೊದಲೇ ಹುಳಿಯುತ್ತದೆ. ಎಲ್ಲೇ ಇರಲಿ, ಸಂಜೆ ಒಳಗೆ ತರದಿದ್ದರೆ ರಾತ್ರಿಯ ಇಬ್ಬನಿ ಹಗಲಿನ ಲಾಭವನ್ನು ತಿಂದುಹಾಕುತ್ತದೆ. ಹಳೆಯ ಮೊರದ ಮೇಲೆ ತೆಳು ಹತ್ತಿ ಬಟ್ಟೆ ಹಾಸಿ, ಮೇಲೊಂದು ಬಟ್ಟೆ ಮುಚ್ಚಿದರೆ ನೊಣದ ಕಾಟವಿಲ್ಲ.

ಇಡೀ ಹಣ್ಣು ಒಣಗಿಸುವವರ ದೂರು ಬೇರೆ: ಒಳಗೆ ಕೊಳೆಯುತ್ತದೆ. ಸಿಪ್ಪೆ ನೀರನ್ನು ಬಿಡುವುದಿಲ್ಲ. ಉದ್ದಕ್ಕೆ ಎಂಟರಷ್ಟು ಸೀಳು ಹಾಕಿ, ಓವನ್‌ನಲ್ಲಿ ಶುರುಮಾಡಿ, ಆಮೇಲೆ ಬೆಚ್ಚಗಿನ ಗಾಳಿಯಾಡುವ ಜಾಗದಲ್ಲಿ ದಿನಗಟ್ಟಲೆ ಬಿಡಬೇಕು. ಅಲಂಕಾರಕ್ಕೆ ಮಾತ್ರ ಇದು. ಆದರೆ ಒಮಾನ್, ದುಬೈ ಕಡೆ ಇರುವ ನಮ್ಮವರಿಗೆ ಲೂಮಿ ಗೊತ್ತಿರುತ್ತದೆ. ಇಡೀ ನಿಂಬೆಯನ್ನು ಉಪ್ಪುನೀರಿನಲ್ಲಿ ಕುದಿಸಿ ಬಿಸಿಲಿನಲ್ಲಿ ಒಣಗಿಸಿದ್ದು. ಅದನ್ನು ಒಡೆದಾಗ ಒಳಗೆ ಕಪ್ಪಗಿದ್ದರೆ ಕೆಟ್ಟಿದೆ ಅಂತಲ್ಲ, ಅದು ಇರಬೇಕಾದದ್ದೇ ಹಾಗೆ. ಹಗುರವಾಗಿರಬೇಕು, ಅಲುಗಾಡಿಸಿದರೆ ಒಣ ಸದ್ದು ಬರಬೇಕು, ಬೂಷ್ಟಿನ ವಾಸನೆ ಇರಬಾರದು.

ಕಟ್ಟಿದ ಮೇಲೆ

ಮಾಲೆಯಾಗಿ ಕಟ್ಟಿದ ಬಿಲ್ಲೆ ಬಾಗಿ ಜೋತುಬಿದ್ದರೆ ತೇವ ಕುಡಿದಿದೆ. ಬಿಚ್ಚಿ ಅರ್ಧ ಗಂಟೆ ಓವನ್‌ಗೆ ಹಾಕಿ. ಹೊಳಪಿಗೆ ವಾರ್ನಿಷ್ ಬಳಿದರೆ ತೇವ ಅಷ್ಟು ಬೇಗ ಹತ್ತುವುದಿಲ್ಲ, ಆದರೆ ಒಳಗೆ ಪೂರ್ತಿ ಒಣಗದಿದ್ದರೆ ಆ ಪಸೆಯನ್ನು ನೀವೇ ಒಳಗೆ ಕೂಡಿಹಾಕಿದಂತೆ. ವಾರ್ನಿಷ್ ಹಾಕಿದ್ದನ್ನು ಬೇರೆ ಡಬ್ಬಿಯಲ್ಲಿಟ್ಟು ಮೇಲೆ ದೊಡ್ಡದಾಗಿ ಬರೆಯಿರಿ. ಮನೆಗೆ ಬಂದ ನೆಂಟರು ಯಾರಾದರೂ ಅದನ್ನೇ ತೆಗೆದು ನಿಂಬೆ ಶರಬತ್ತಿಗೆ ತೇಲಿಬಿಟ್ಟಾರು. ಮಾಲೆಯನ್ನು ಎಲ್‌ಇಡಿ ದೀಪದ ಜೊತೆ ಕಟ್ಟಬಹುದು, ಮೇಣದಬತ್ತಿ ಮತ್ತು ಹಣತೆಯಿಂದ ದೂರವಿಡಿ. ಒಣ ಸಿಪ್ಪೆಯಲ್ಲಿ ಉಳಿದಿರುವ ಎಣ್ಣೆ ಚುರುಕಾಗಿ ಹೊತ್ತಿಕೊಳ್ಳುತ್ತದೆ. ಮುಂದಿನ ವರ್ಷಕ್ಕೆ ಎತ್ತಿಡುವಾಗ ಪುಟ್ಟ ಕಂದು ಹುಳುವೋ, ಹಿಟ್ಟಿನಂಥ ಪುಡಿಯೋ, ಜೇಡರ ಎಳೆಯಂಥ ನೂಲೋ ಕಂಡರೆ ಮಾಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ನಾಲ್ಕು ದಿನ ಫ್ರೀಜರ್‌ನಲ್ಲಿಡಿ, ಹೊರತೆಗೆದು ಕೋಣೆಯ ಬಿಸಿಗೆ ಬಂದ ಮೇಲಷ್ಟೇ ಚೀಲ ಬಿಚ್ಚಿ.